ಚಟಪಟ ಸದ್ದಿಗೆ ಯಾವ ಮದ್ದು: ಬಫರ್, ಡ್ರೈವರ್, ಫ್ರೀಜ್ ಮತ್ತು ಹೊಸ ಯಂತ್ರದ ನಡುವೆ ಆಯ್ಕೆ

ಕಂಪ್ಯೂಟರಿನಲ್ಲಿ ಹಾಡು ಕಟ್ಟುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ತೊಂದರೆಯೆಂದರೆ, ಪ್ಲೇ ಒತ್ತಿದಾಗ ಧ್ವನಿಯ ನಡುನಡುವೆ ಕೇಳಿಬರುವ ಚಟಪಟ ಸದ್ದು. ಕೆಲವೊಮ್ಮೆ ಅದು ಎಲ್ಲೋ ಒಂದು ‘ಟಕ್’ ಎಂದು ಸುಮ್ಮನಾಗುತ್ತದೆ. ಕೆಲವೊಮ್ಮೆ ಒಣಗಿದ ಎಲೆಗಳ ಮೇಲೆ ನಡೆದಂತೆ ಎಡೆಬಿಡದೆ ಕರಕರ ಎನ್ನುತ್ತದೆ. ತೀರಾ ಕೆಟ್ಟಾಗ ಹಾಡೇ ಮುಗ್ಗರಿಸಿ ನಿಂತುಬಿಡುತ್ತದೆ. ಪರಿಹಾರ ಹುಡುಕಹೊರಟವರಿಗೆ ಸಲಹೆಗಳಿಗೇನೂ ಬರವಿಲ್ಲ. ಬಫರ್ ಹೆಚ್ಚಿಸಿ, ಡ್ರೈವರ್ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಬದಲಿಸಿ, ಟ್ರ್ಯಾಕ್ ಫ್ರೀಜ್ ಮಾಡಿ, ವೈ-ಫೈ ಆರಿಸಿ, ಹೊಸ ಇಂಟರ್‌ಫೇಸ್ (ಮೈಕು, ಹೆಡ್‌ಫೋನುಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಕೊಳ್ಳಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇವೆಲ್ಲವೂ ಯಾವುದೋ ಒಂದು ಸಂದರ್ಭದಲ್ಲಿ ಸರಿಯಾದ ಉತ್ತರಗಳೇ; ಆದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ, ಮತ್ತು ಪ್ರತಿಯೊಂದಕ್ಕೂ ತೆರಬೇಕಾದ ಬೆಲೆ ಬೇರೆ.

ಆಯ್ಕೆ ಮಾಡುವ ಮೊದಲು ಸದ್ದಿನ ಮೂಲವನ್ನು ತಿಳಿದಿರಬೇಕು. ಕಂಪ್ಯೂಟರು ಧ್ವನಿಯನ್ನು ನಲ್ಲಿಯ ನೀರಿನಂತೆ ಸತತವಾಗಿ ಹರಿಸುವುದಿಲ್ಲ, ಬಿಂದಿಗೆಗಳಲ್ಲಿ ತುಂಬಿ ಕೊಡುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ (ಧ್ವನಿಯ ಅಳತೆಗಳ) ದರದಲ್ಲಿ ಈ ಬಿಂದಿಗೆಯ, ಅಂದರೆ ಬಫರಿನ, ಗಾತ್ರ 256 ಸ್ಯಾಂಪಲ್ ಎಂದು ಇಟ್ಟುಕೊಂಡರೆ, ಎಲ್ಲ ಟ್ರ್ಯಾಕ್‌ಗಳ ಎಲ್ಲ ಪ್ಲಗಿನ್‌ಗಳ (ವಾದ್ಯ ಅಥವಾ ಎಫೆಕ್ಟ್ ಆಗಿ ಸೇರಿಸುವ ಚಿಕ್ಕ ತಂತ್ರಾಂಶಗಳ) ಲೆಕ್ಕವನ್ನು ಮುಗಿಸಿ ಮುಂದಿನ ಬಿಂದಿಗೆಯನ್ನು ತಂದಿಡಲು ಪ್ರೊಸೆಸರ್‌ಗೆ ಇರುವ ಗಡುವು ಸುಮಾರು 5.8 ಮಿಲಿಸೆಕೆಂಡು ಮಾತ್ರ. ಒಮ್ಮೆ ಈ ಗಡುವು ತಪ್ಪಿದರೂ ಆ ಕ್ಷಣದಲ್ಲಿ ನುಡಿಸಲು ಇಂಟರ್‌ಫೇಸ್‌ನ ಕೈಯಲ್ಲಿ ಏನೂ ಇರುವುದಿಲ್ಲ, ಮತ್ತು ಆ ಖಾಲಿ ಜಾಗವೇ ನಮಗೆ ‘ಟಕ್’ ಎಂದು ಕೇಳಿಸುತ್ತದೆ. ಟಾಸ್ಕ್ ಮ್ಯಾನೇಜರ್ ಕೇವಲ 30 ಶೇಕಡಾ ಬಳಕೆ ತೋರಿಸುತ್ತಿರುವಾಗಲೂ ಧ್ವನಿ ಸಿಡಿಯುವುದು ಇದೇ ಕಾರಣಕ್ಕೆ. ಅದು ತೋರಿಸುವುದು ಪ್ರೊಸೆಸರಿನ ಒಳಗಿರುವ ಎಲ್ಲ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಸರಾಸರಿಯನ್ನು. ಇಲ್ಲಿ ಲೆಕ್ಕಕ್ಕೆ ಬರುವುದು ಪ್ರತಿಯೊಂದು ಗಡುವು. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ನನ್ನ ಕಂಪ್ಯೂಟರಿಗೆ ಶಕ್ತಿ ಸಾಲದೆ?’ ಎಂಬುದಲ್ಲ, ‘ಗಡುವನ್ನು ತಪ್ಪಿಸುತ್ತಿರುವವರು ಯಾರು?’ ಎಂಬುದು.

ಮೊದಲು ಒಂದು ಪರೀಕ್ಷೆ

ಏನನ್ನೂ ಬದಲಿಸುವ ಮುಂಚೆ ಹಾಡಿನ ಸಿಡಿಯುವ ಭಾಗವನ್ನು ವೇವ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ಅದನ್ನು ಸಾಮಾನ್ಯ ಪ್ಲೇಯರಿನಲ್ಲಿ ಕೇಳಿರಿ. ಎಕ್ಸ್‌ಪೋರ್ಟ್ ಮಾಡುವಾಗ ಗಡುವು ಎಂಬುದೇ ಇರುವುದಿಲ್ಲ. ಪ್ರೊಸೆಸರ್ ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು ಲೆಕ್ಕ ಮುಗಿಸುತ್ತದೆ. ಫೈಲು ಶುದ್ಧವಾಗಿ ಕೇಳಿಸಿದರೆ ತೊಂದರೆ ನುಡಿಸುವ ಹಂತದ್ದು, ಅಂದರೆ ಈ ಲೇಖನದ ವಿಷಯದ್ದು. ಅದೇ ಜಾಗದಲ್ಲಿ ಅದೇ ‘ಟಕ್’ ಫೈಲಿನಲ್ಲಿಯೂ ಇದ್ದರೆ ಬಫರ್ ಆಗಲಿ ಡ್ರೈವರ್ ಆಗಲಿ ಅದನ್ನು ಅಳಿಸಲಾರವು. ಆಗ ಹುಡುಕಬೇಕಾದುದು ಫೇಡ್ ಇಲ್ಲದೆ ಕತ್ತರಿಸಿದ ಕ್ಲಿಪ್‌ನ ಅಂಚನ್ನು, ಸೊನ್ನೆ ಡೆಸಿಬೆಲ್ ಮೀರಿ ಕ್ಲಿಪ್ ಆಗುತ್ತಿರುವ ಚಾನೆಲನ್ನು, ಅಥವಾ ರೆಕಾರ್ಡಿಂಗ್ ಸಮಯದಲ್ಲಿಯೇ ಒಳಸೇರಿದ ಬಿರುಕನ್ನು. ಈ ಕೊನೆಯದಕ್ಕೆ ಮತ್ತೆ ಹಾಡಿಸುವುದು ಅಥವಾ ಆ ಜಾಗವನ್ನು ಕೈಯಿಂದ ತಿದ್ದುವುದು ಬಿಟ್ಟು ದಾರಿಯಿಲ್ಲ. ಕೆಲವು ಪ್ಲಗಿನ್‌ಗಳ ಉಚಿತ ಪರೀಕ್ಷಾ ಆವೃತ್ತಿಗಳು ಆಗಾಗ ಬೇಕೆಂದೇ ಸದ್ದು ಅಥವಾ ಮೌನವನ್ನು ಸೇರಿಸುತ್ತವೆ ಎಂಬುದನ್ನು ಮರೆತು, ಒಂದಿಡೀ ಸಂಜೆ ಡ್ರೈವರ್‌ಗಳನ್ನು ಕಿತ್ತು ಹಾಕಿದವರ ಸಾಲಿನಲ್ಲಿ ನಾನೂ ಇದ್ದೇನೆ.

ಇನ್ನೊಂದು ವಿಧದ ಸದ್ದನ್ನೂ ಇಲ್ಲಿಯೇ ಬೇರ್ಪಡಿಸಿಡಬೇಕು. ಹಾಡಿನ ಭಾರ ಹೆಚ್ಚಿರಲಿ ಕಡಿಮೆಯಿರಲಿ, ಒಂದೇ ಟ್ರ್ಯಾಕ್ ಇದ್ದಾಗಲೂ, ಗಡಿಯಾರದಂತೆ ನಿಯತವಾಗಿ ಟಿಕ್ ಎನ್ನುತ್ತಿದ್ದರೆ ಅದು ಬಹುಮಟ್ಟಿಗೆ ಎರಡು ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದದಿರುವುದರ ಗುರುತು. ಎರಡು ಸಾಧನಗಳನ್ನು ಡಿಜಿಟಲ್ ಕೇಬಲಿನಿಂದ ಜೋಡಿಸಿದಾಗ ಒಂದು ಯಜಮಾನನಾಗಿ ಇನ್ನೊಂದು ಅದನ್ನು ಅನುಸರಿಸಬೇಕು. ಎರಡೂ ತಮ್ಮ ತಮ್ಮ ಗಡಿಯಾರವನ್ನೇ ನಂಬಿದರೆ ಆಗಾಗ ಒಂದು ಸ್ಯಾಂಪಲ್ ಜಾರುತ್ತದೆ. ಮ್ಯಾಕ್‌ನಲ್ಲಿ ಎರಡು ಇಂಟರ್‌ಫೇಸ್‌ಗಳನ್ನು ಅಗ್ರಿಗೇಟ್ ಡಿವೈಸ್ ಆಗಿ ಕೂಡಿಸಿದವರು ಡ್ರಿಫ್ಟ್ ಕರೆಕ್ಷನ್ ಎಂಬ ಗುರುತಿನ ಚೌಕವನ್ನು ಎರಡನೆಯ ಸಾಧನಕ್ಕೆ ಹಾಕಿದ್ದಾರೆಯೇ ಎಂದು ನೋಡಬೇಕು. ಈ ತೊಂದರೆಗೆ ಬಫರನ್ನು 2048ಕ್ಕೆ ಏರಿಸಿದರೂ ಏನೂ ಆಗದು.

ಬಫರ್ ಏರಿಸುವುದು ಮತ್ತು ಟ್ರ್ಯಾಕ್ ಫ್ರೀಜ್ ಮಾಡುವುದು

ಹೋಲಿಕೆಗೆ ನಿಜವಾಗಿ ಯೋಗ್ಯವಾದ ಜೋಡಿಯೆಂದರೆ ಇವೆರಡು. ಬಫರ್ ಏರಿಸುವುದೆಂದರೆ ಗಡುವನ್ನು ಮುಂದೂಡುವುದು. ಫ್ರೀಜ್ ಮಾಡುವುದೆಂದರೆ ಕೆಲಸವನ್ನೇ ಕಡಿಮೆ ಮಾಡುವುದು. ಎರಡೂ ಖರ್ಚಿಲ್ಲದವು, ಎರಡೂ ಬೇಕೆಂದಾಗ ಹಿಂದೆಗೆದುಕೊಳ್ಳಬಹುದಾದವು.

ಬಫರಿನ ಲೆಕ್ಕ ಸರಳ. 44.1 ಕಿಲೋಹರ್ಟ್ಸ್‌ನಲ್ಲಿ 64 ಸ್ಯಾಂಪಲ್‌ಗಳೆಂದರೆ ಸುಮಾರು 1.5 ಮಿಲಿಸೆಕೆಂಡು, 128 ಎಂದರೆ 2.9, 512 ಎಂದರೆ 11.6, 1024 ಎಂದರೆ 23.2. ಮೈಕಿನಿಂದ ಒಳಹೋದ ಧ್ವನಿ ಹೆಡ್‌ಫೋನಿಗೆ ಮರಳಬೇಕಾದರೆ ಒಳಗಿನ ಬಫರನ್ನೂ ಹೊರಗಿನ ಬಫರನ್ನೂ ದಾಟಬೇಕು. ಜೊತೆಗೆ ಪರಿವರ್ತಕಗಳೂ ಡ್ರೈವರ್ ತಾನಾಗಿ ಇಟ್ಟುಕೊಂಡ ಹೆಚ್ಚುವರಿ ಅಂತರವೂ ಸೇರುತ್ತವೆ. ಹೀಗಾಗಿ 1024ರಲ್ಲಿ ಹಾಡುಗಾರರಿಗೆ ತಮ್ಮ ದನಿ 46 ಮಿಲಿಸೆಕೆಂಡಿಗಿಂತಲೂ ತಡವಾಗಿ ಕೇಳಿಸುತ್ತದೆ. ಗಾಳಿಯಲ್ಲಿ ಧ್ವನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು ಎಂಬ ಲೆಕ್ಕದಲ್ಲಿ, ಇದು ಹದಿನೈದು ಮೀಟರ್ ಆಚೆಗಿನ ಸ್ಪೀಕರಿನಿಂದ ತನ್ನ ದನಿಯನ್ನು ಕೇಳಿಸಿಕೊಂಡಂತೆ. ತಾಳ ಹಿಡಿದು ಹಾಡುವುದು ಅಸಾಧ್ಯವಾಗುತ್ತದೆ. ಆದರೆ ಯಾರೂ ಹಾಡದೆ, ಯಾರೂ ಕೀಬೋರ್ಡ್ ನುಡಿಸದೆ, ಬರಿಯ ಮಿಕ್ಸಿಂಗ್ ನಡೆಯುತ್ತಿರುವಾಗ ಈ ವಿಳಂಬದಿಂದ ನಷ್ಟವೇನೂ ಇಲ್ಲ. ಫೇಡರ್ ಸರಿಸಿದ ಮೇಲೆ ಬದಲಾವಣೆ ಒಂದಿಷ್ಟು ತಡವಾಗಿ ಕೇಳಿಸಿದರೆ ಕಿವಿ ಅದನ್ನು ಗುರುತಿಸುವುದೂ ಅಪರೂಪ. ಆದ್ದರಿಂದ ರೆಕಾರ್ಡಿಂಗ್‌ಗೆ ಒಂದು ಬಫರ್, ಮಿಕ್ಸಿಂಗ್‌ಗೆ ಇನ್ನೊಂದು ಬಫರ್ ಎಂಬುದನ್ನು ರೂಢಿಯಾಗಿಸಿಕೊಳ್ಳುವುದು ಒಳ್ಳೆಯದು. ಒಂದೇ ಮೌಲ್ಯವನ್ನು ಇಡೀ ಹಾಡಿಗೆ ಕಟ್ಟಿಕೊಂಡು ಒದ್ದಾಡುವುದರಲ್ಲಿ ಅರ್ಥವಿಲ್ಲ.

ಫ್ರೀಜ್ ಈ ಇಕ್ಕಟ್ಟನ್ನು ಬೇರೆ ಬಾಗಿಲಿನಿಂದ ಬಿಡಿಸುತ್ತದೆ. ಭಾರವಾದ ಸಿಂಥಸೈಸರ್ ಟ್ರ್ಯಾಕನ್ನು ಫ್ರೀಜ್ ಮಾಡಿದಾಗ ತಂತ್ರಾಂಶವು ಅದರ ಧ್ವನಿಯನ್ನು ಒಂದು ಆಡಿಯೊ ಫೈಲಾಗಿ ಬರೆದಿಟ್ಟು, ಪ್ಲಗಿನ್‌ಗಳನ್ನು ಮಲಗಿಸಿ, ಆ ಫೈಲನ್ನು ನುಡಿಸುತ್ತದೆ. ಬಫರ್ ಚಿಕ್ಕದಾಗಿಯೇ ಉಳಿಯುವುದರಿಂದ ಹಾಡುಗಾರರಿಗೆ ತೊಂದರೆಯಿಲ್ಲ. ತೆರಬೇಕಾದ ಬೆಲೆ ಎಂದರೆ ಡಿಸ್ಕಿನ ಸ್ವಲ್ಪ ಜಾಗ, ಕಾಯುವ ಒಂದೆರಡು ನಿಮಿಷ, ಮತ್ತು ಒಂದು ಸ್ವರವನ್ನು ಬದಲಿಸಬೇಕೆನಿಸಿದಾಗಲೆಲ್ಲ ಅನ್‌ಫ್ರೀಜ್ ಮಾಡುವ ಕಿರಿಕಿರಿ. ಇನ್ನೊಂದು ಮಿತಿಯನ್ನೂ ಗಮನಿಸಬೇಕು: ಟ್ರ್ಯಾಕನ್ನು ಫ್ರೀಜ್ ಮಾಡಿದರೆ ಸಾಮಾನ್ಯವಾಗಿ ಆ ಟ್ರ್ಯಾಕ್‌ನ ಮೇಲಿರುವ ಪ್ಲಗಿನ್‌ಗಳಷ್ಟೇ ಸುಮ್ಮನಾಗುತ್ತವೆ, ಬಸ್ (ಹಲವು ಟ್ರ್ಯಾಕ್‌ಗಳು ಕೂಡುವ ಚಾನೆಲ್) ಮತ್ತು ಕೊನೆಯ ಮಾಸ್ಟರ್ ಚಾನೆಲಿನ ಮೇಲೆ ಪೇರಿಸಿಟ್ಟವು ಓಡುತ್ತಲೇ ಇರುತ್ತವೆ. ಆಧುನಿಕ ತಂತ್ರಾಂಶಗಳು ಟ್ರ್ಯಾಕ್‌ಗಳನ್ನು ಬೇರೆ ಬೇರೆ ಕೋರ್‌ಗಳಿಗೆ ಹಂಚುತ್ತವೆ. ಆದರೆ ಒಂದೇ ಸರಪಳಿಯಲ್ಲಿ ಒಂದರ ಹಿಂದೊಂದು ನಿಂತ ಪ್ಲಗಿನ್‌ಗಳು ಹಿಂದಿನದರ ಕೆಲಸ ಮುಗಿಯುವವರೆಗೆ ಕಾಯಲೇಬೇಕಾಗಿರುವುದರಿಂದ, ಮಾಸ್ಟರ್ ಮೇಲಿನ ಉದ್ದನೆಯ ಸಾಲೊಂದೇ ಹದಿನಾರು ಕೋರ್‌ಗಳ ಯಂತ್ರವನ್ನೂ ಮಂಡಿಯೂರಿಸಬಲ್ಲದು.

ನನ್ನ ಅಭಿಪ್ರಾಯದಲ್ಲಿ ಮಿಕ್ಸಿಂಗ್ ಹಂತಕ್ಕೆ ಬಫರ್, ಹಾಡು ಕಟ್ಟುತ್ತ ನಡುನಡುವೆ ರೆಕಾರ್ಡ್ ಮಾಡುವ ಹಂತಕ್ಕೆ ಫ್ರೀಜ್ ಸರಿಯಾದ ಆಯ್ಕೆ. ಹಾಗಿದ್ದರೂ ಬಹಳ ಜನ ಫ್ರೀಜ್ ಗುಂಡಿಯನ್ನು ಸೋಲೊಪ್ಪಿಕೊಂಡಂತೆ ಕಾಣುತ್ತಾರೆ. ಸ್ವರಗಳು ಇನ್ನು ಬದಲಾಗದ ಟ್ರ್ಯಾಕನ್ನು ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕಿಸುವುದರಿಂದ ಸಿಗುವ ಲಾಭವೇನು ಎಂಬುದು ನನಗಿನ್ನೂ ತಿಳಿದಿಲ್ಲ.

ಇವೆರಡರ ನಡುವೆ ಮೂರನೆಯ ದಾರಿಯೊಂದು ಹಾಡು ಕಟ್ಟುವ ಅನೇಕ ತಂತ್ರಾಂಶಗಳಲ್ಲಿ ಮೊದಲೇ ಇರುತ್ತದೆ. ಕ್ಯೂಬೇಸ್‌ನಲ್ಲಿ ಎಎಸ್‌ಐಒ ಗಾರ್ಡ್, ರೀಪರ್‌ನಲ್ಲಿ ಆಂಟಿಸಿಪೇಟಿವ್ ಎಫ್‌ಎಕ್ಸ್ ಎಂದು ಕರೆಯಲಾಗುವ ಈ ವ್ಯವಸ್ಥೆ, ನೇರವಾಗಿ ನುಡಿಸುತ್ತಿಲ್ಲದ ಟ್ರ್ಯಾಕ್‌ಗಳನ್ನು ಮುಂಚಿತವಾಗಿಯೇ ಲೆಕ್ಕ ಮಾಡಿಟ್ಟುಕೊಂಡು, ನುಡಿಸುತ್ತಿರುವ ಟ್ರ್ಯಾಕಿಗೆ ಮಾತ್ರ ಚಿಕ್ಕ ಬಫರ್ ಬಳಸುತ್ತದೆ. ಇದರ ಒಂದು ಪರಿಣಾಮ ಹೊಸಬರನ್ನು ಕಾಡುತ್ತದೆ: ಭಾರವಾದ ವಾದ್ಯದ ಟ್ರ್ಯಾಕನ್ನು ರೆಕಾರ್ಡ್‌ಗೆ ಸಿದ್ಧಗೊಳಿಸಿದ ಕೂಡಲೇ ಅದು ಮುಂಗಡ ಲೆಕ್ಕದ ಸಾಲಿನಿಂದ ಹೊರಬಿದ್ದು ಗಡುವಿನ ಕೆಲಸವಾಗುತ್ತದೆ, ಮತ್ತು ಅದುವರೆಗೆ ಸುಮ್ಮನಿದ್ದ ಹಾಡು ಸಿಡಿಯತೊಡಗುತ್ತದೆ. ಲಾಜಿಕ್ ಎಂಬ ತಂತ್ರಾಂಶ ಬಳಸುವವರು ಇಂಥ ಸಂದರ್ಭದಲ್ಲಿ ಖಾಲಿ ಆಡಿಯೊ ಟ್ರ್ಯಾಕೊಂದನ್ನು ಆಯ್ಕೆ ಮಾಡಿ ಪ್ಲೇ ಒತ್ತುತ್ತಾರೆ. ಆಯ್ಕೆಯಾದ ವಾದ್ಯದ ಟ್ರ್ಯಾಕನ್ನು ಲಾಜಿಕ್ ನೇರ ನುಡಿಸುವಿಕೆಗೆ ಸಿದ್ಧವಾಗಿಡುವುದೇ ಇದಕ್ಕೆ ಕಾರಣ. ಕೇಳಲು ಮಾಟಮಂತ್ರದಂತಿದ್ದರೂ ಕೆಲಸ ಮಾಡುವ ಉಪಾಯವಿದು.

ಡ್ರೈವರ್ ಆಯ್ಕೆ

ಈ ಪ್ರಶ್ನೆಯ ತೂಕ ವಿಂಡೋಸ್ ಬಳಸುವವರಿಗೇ ಹೆಚ್ಚು. ಮ್ಯಾಕ್‌ನಲ್ಲಿ ಕೋರ್ ಆಡಿಯೊ ಎಂಬ ಒಂದೇ ದಾರಿಯಿರುವುದರಿಂದ ಆಯ್ಕೆಯ ತಲೆನೋವು ಕಡಿಮೆ. ವಿಂಡೋಸ್‌ನಲ್ಲಿ ತಂತ್ರಾಂಶದ ಸೆಟ್ಟಿಂಗ್ಸ್ ತೆರೆದರೆ ನಾಲ್ಕೈದು ಹೆಸರುಗಳು ಒಟ್ಟಿಗೆ ಎದುರಾಗುತ್ತವೆ. ಎಂಎಂಇ ಮತ್ತು ಡೈರೆಕ್ಟ್‌ಸೌಂಡ್ ಹಳೆಯ ಕಾಲದವು. ಸಂಗೀತದ ಕೆಲಸಕ್ಕೆ ಅವನ್ನು ಬಿಟ್ಟುಬಿಡಬಹುದು. ಎಎಸ್‌ಐಒ ಎಂಬ ಡ್ರೈವರ್ ಪದ್ಧತಿಯನ್ನು ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ರೂಪಿಸಿತು. ವಿಂಡೋಸ್‌ನ ಸ್ವಂತ ಮಿಕ್ಸರನ್ನು ಬದಿಗಿಟ್ಟು ತಂತ್ರಾಂಶ ನೇರವಾಗಿ ಇಂಟರ್‌ಫೇಸಿನೊಡನೆ ಮಾತಾಡುವಂತೆ ಮಾಡುವುದೇ ಅದರ ಉದ್ದೇಶ. ಇಂಟರ್‌ಫೇಸ್ ತಯಾರಿಸಿದವರೇ ಅದಕ್ಕೆಂದು ಬರೆದ ಎಎಸ್‌ಐಒ ಡ್ರೈವರ್ ಇದ್ದರೆ ಬೇರೆ ಯಾವುದನ್ನೂ ಯೋಚಿಸಬೇಕಾಗಿಲ್ಲ.

ಗೊಂದಲ ಆರಂಭವಾಗುವುದು ಇಂಟರ್‌ಫೇಸ್ ಇಲ್ಲದೆ ಲ್ಯಾಪ್‌ಟಾಪಿನ ಸ್ವಂತ ಸೌಂಡ್ ಚಿಪ್ಪಿನಲ್ಲಿ ಕೆಲಸ ಮಾಡುವವರಿಗೆ. ಅವರಿಗೆ ಒಂದು ಕಡೆ ಎಎಸ್‌ಐಒ ಫಾರ್ ಆಲ್ ಇದೆ, ಇನ್ನೊಂದು ಕಡೆ ವಿಸ್ತಾ ಆವೃತ್ತಿಯಿಂದ ವಿಂಡೋಸ್‌ನಲ್ಲಿಯೇ ಇರುವ ವಾಸಾಪಿ ಇದೆ. ಮೊದಲನೆಯದು ಹೆಸರಿನಲ್ಲಿ ಎಎಸ್‌ಐಒ ಆದರೂ ನಿಜದಲ್ಲಿ ವಿಂಡೋಸ್‌ನ ಸಾಮಾನ್ಯ ಡ್ರೈವರಿನ ಮೇಲೆ ತೊಡಿಸಿದ ಅಂಗಿ. ಎಎಸ್‌ಐಒ ಬಿಟ್ಟು ಬೇರೇನನ್ನೂ ಒಪ್ಪದ ತಂತ್ರಾಂಶ ನಿಮ್ಮದಾಗಿದ್ದರೆ ಅದು ಬೇಕೇ ಬೇಕು. ಆದರೆ ಅದು ಸಾಮಾನ್ಯವಾಗಿ ಸಾಧನವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವುದರಿಂದ ಅದೇ ಹೊತ್ತಿಗೆ ಬ್ರೌಸರಿನ ಧ್ವನಿ ಕೇಳಿಸದೆ ಹೋಗಬಹುದು. ವಾಸಾಪಿಯಲ್ಲಿ ಎರಡು ವಿಧಗಳಿವೆ: ಹಂಚಿಕೆಯ ವಿಧದಲ್ಲಿ ಎಲ್ಲ ತಂತ್ರಾಂಶಗಳ ಧ್ವನಿಯೂ ಕೂಡಿ ಬರುತ್ತದೆ, ವಿಳಂಬ ಹೆಚ್ಚು, ಎಕ್ಸ್‌ಕ್ಲೂಸಿವ್ ವಿಧದಲ್ಲಿ ಸಾಧನ ನಿಮ್ಮೊಬ್ಬರದೇ, ವಿಳಂಬ ಕಡಿಮೆ. ನಿಮ್ಮ ತಂತ್ರಾಂಶ ವಾಸಾಪಿಯನ್ನು ಒಪ್ಪುವುದಾದರೆ ಮೊದಲು ಎಕ್ಸ್‌ಕ್ಲೂಸಿವ್ ವಿಧವನ್ನು ಪ್ರಯತ್ನಿಸಿ, ಅದು ಸಿಡಿದರೆ ಮಾತ್ರ ಎಎಸ್‌ಐಒ ಫಾರ್ ಆಲ್‌ಗೆ ಹೋಗುವುದು ಲೇಸು.

ಲಿನಕ್ಸ್‌ನಲ್ಲಿ ಗಡುವು ತಪ್ಪುವುದಕ್ಕೆ ಎಕ್ಸ್‌ರನ್ ಎಂಬ ಹೆಸರಿದೆ, ಮತ್ತು ಜ್ಯಾಕ್ ಎಂಬ ಆಡಿಯೊ ವ್ಯವಸ್ಥೆ ಬಳಸುವವರು ಅದರ ಎಣಿಕೆಯನ್ನು ನೇರವಾಗಿ ಪರದೆಯ ಮೇಲೆ ನೋಡಬಹುದು. ಈ ಪ್ರಾಮಾಣಿಕತೆ ಬೇರೆ ವ್ಯವಸ್ಥೆಗಳಲ್ಲಿಯೂ ಇದ್ದಿದ್ದರೆ ಎಷ್ಟೋ ಊಹಾಪೋಹ ತಪ್ಪುತ್ತಿತ್ತು. ಇತ್ತೀಚಿನ ವಿತರಣೆಗಳಲ್ಲಿ ಪೈಪ್‌ವೈರ್ ಆ ಸ್ಥಾನಕ್ಕೆ ಬಂದಿದೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಬಳಕೆದಾರರ ಖಾತೆಗೆ ರಿಯಲ್‌ಟೈಮ್ ಆದ್ಯತೆಯ ಅನುಮತಿ ಸಿಕ್ಕಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಬ್ಲೂಟೂತ್ ಹೆಡ್‌ಫೋನ್ ಈ ಹೋಲಿಕೆಯಲ್ಲಿ ಸ್ಪರ್ಧಿಯೇ ಅಲ್ಲ. ಅದರ ವಿಳಂಬ ಬಫರಿನಿಂದ ತಿದ್ದಲಾಗದಷ್ಟು ದೊಡ್ಡದು.

ಅಡ್ಡಗಾಲು ಹಾಕುವವರು

ಬಫರ್ ದೊಡ್ಡದಿದೆ, ಹಾಡು ಹಗುರವಾಗಿದೆ, ಡ್ರೈವರ್ ಸರಿಯಿದೆ, ಆದರೂ ಹೊತ್ತು ಗೊತ್ತಿಲ್ಲದೆ ಒಂದು ‘ಟಕ್’ ಕೇಳಿಸುತ್ತದೆ ಎಂದಾದರೆ ಅನುಮಾನಿಸಬೇಕಾದುದು ಸಂಗೀತಕ್ಕೆ ಸಂಬಂಧವೇ ಇಲ್ಲದ ಬೇರೊಂದು ಡ್ರೈವರನ್ನು. ವೈ-ಫೈ, ಗ್ರಾಫಿಕ್ಸ್ ಮುಂತಾದ ಯಂತ್ರಾಂಶಗಳ ಡ್ರೈವರ್‌ಗಳು ಪ್ರೊಸೆಸರನ್ನು ಅತಿ ಹೆಚ್ಚಿನ ಆದ್ಯತೆಯಲ್ಲಿ ಕ್ಷಣಕಾಲ ಹಿಡಿದಿಟ್ಟುಕೊಳ್ಳಬಲ್ಲವು; ಅಷ್ಟು ಹೊತ್ತು ಆಡಿಯೊ ತಂತ್ರಾಂಶ ಬಾಗಿಲಲ್ಲಿ ನಿಂತು ಕಾಯಬೇಕು. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಎಂಬ ಸಲಕರಣೆಯನ್ನು ಹತ್ತು ನಿಮಿಷ ಓಡಿಸಿದರೆ ಹೆಚ್ಚು ಹೊತ್ತು ಹಿಡಿದಿಟ್ಟುಕೊಂಡ ಡ್ರೈವರ್ ಫೈಲಿನ ಹೆಸರು ಸಿಗುತ್ತದೆ. ಆ ಹೆಸರು ಸಿಗುವ ಮುಂಚೆಯೇ ಹತ್ತಾರು ಸೇವೆಗಳನ್ನು ಕುರುಡಾಗಿ ನಿಲ್ಲಿಸುವ ‘ಆಪ್ಟಿಮೈಸೇಶನ್’ ಪಟ್ಟಿಗಳ ಬಗ್ಗೆ ನನಗೆ ಗೌರವವಿಲ್ಲ: ಹತ್ತರಲ್ಲಿ ಒಂಬತ್ತು ನಿಮ್ಮ ಯಂತ್ರಕ್ಕೆ ಸಂಬಂಧಿಸಿರುವುದಿಲ್ಲ, ಮತ್ತು ಯಾವುದು ಕೆಲಸ ಮಾಡಿತು ಎಂಬುದು ಕೊನೆಗೂ ತಿಳಿಯುವುದಿಲ್ಲ. ಪರೀಕ್ಷೆಯಿಲ್ಲದೆಯೂ ಮಾಡಬಹುದಾದ ಮೂರೇ ಕೆಲಸಗಳಿವೆ. ಪವರ್ ಪ್ಲ್ಯಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಹಾಕುವುದು, ಲ್ಯಾಪ್‌ಟಾಪನ್ನು ಚಾರ್ಜರಿಗೆ ಜೋಡಿಸಿಡುವುದು, ಇಂಟರ್‌ಫೇಸನ್ನು ಹಬ್ ಬಿಟ್ಟು ನೇರವಾಗಿ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವುದು. ಲ್ಯಾಪ್‌ಟಾಪು ಬಿಸಿಯಾದಂತೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುವುದರಿಂದ, ಅರ್ಧ ಗಂಟೆಯ ನಂತರವೇ ಸದ್ದು ಆರಂಭವಾಗುವ ಪ್ರಕರಣಗಳಲ್ಲಿ ಫ್ಯಾನಿನ ಧೂಳನ್ನೂ ನೋಡಬೇಕು.

ಸ್ಯಾಂಪಲ್ ದರವನ್ನು 96ರಿಂದ 48 ಕಿಲೋಹರ್ಟ್ಸ್‌ಗೆ ಇಳಿಸುವುದೂ ಒಂದು ಆಯ್ಕೆಯೇ. ಲೆಕ್ಕದ ಕೆಲಸ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದರೆ ಇದನ್ನು ಹಾಡಿನ ಆರಂಭದಲ್ಲಿ ನಿರ್ಧರಿಸಬೇಕು. ನಡುವೆ ಬದಲಿಸಿ, ತಂತ್ರಾಂಶ ಹಳೆಯ ಫೈಲುಗಳನ್ನು ಪರಿವರ್ತಿಸದೆ ನುಡಿಸಿದರೆ ಶ್ರುತಿಯೂ ವೇಗವೂ ಕೆಡುತ್ತವೆ. 44.1ರ ಫೈಲು 48ರಲ್ಲಿ ಓಡಿದರೆ ಹಾಡು ಸುಮಾರು ಒಂದೂವರೆ ಸ್ವರಸ್ಥಾನ ಮೇಲಕ್ಕೇರುತ್ತದೆ.

ಹಣ ಖರ್ಚು ಮಾಡುವುದಾದರೆ

ಇಲ್ಲಿ ಅತಿ ಹೆಚ್ಚು ತಪ್ಪಾಗಿ ಕೊಳ್ಳಲಾಗುವ ವಸ್ತು ಆಡಿಯೊ ಇಂಟರ್‌ಫೇಸ್. ಪ್ಲಗಿನ್‌ಗಳ ಲೆಕ್ಕವನ್ನು ಮಾಡುವುದು ಕಂಪ್ಯೂಟರಿನ ಪ್ರೊಸೆಸರೇ ಹೊರತು ಸಾಮಾನ್ಯ ಇಂಟರ್‌ಫೇಸ್ ಅಲ್ಲ. ಸ್ವಂತ ಡಿಎಸ್‌ಪಿ ಚಿಪ್ (ಧ್ವನಿಯ ಲೆಕ್ಕಕ್ಕೆಂದೇ ಮಾಡಿದ ಚಿಪ್) ಇರುವ ಕೆಲವು ಮಾದರಿಗಳು ಮಾತ್ರ ಅದಕ್ಕಾಗಿಯೇ ಬರೆದ ಪ್ಲಗಿನ್‌ಗಳ ಭಾರವನ್ನು ಹೊರುತ್ತವೆ. ಹೀಗಿದ್ದರೂ ಒಳ್ಳೆಯ ಡ್ರೈವರ್ ಇರುವ ಇಂಟರ್‌ಫೇಸ್ ಅದೇ ಬಫರಿನಲ್ಲಿ ಹೆಚ್ಚು ಸ್ಥಿರವಾಗಿರುತ್ತದೆ, ಮತ್ತು ಡೈರೆಕ್ಟ್ ಮಾನಿಟರಿಂಗ್ ಸೌಲಭ್ಯದಿಂದ ಹಾಡುಗಾರರ ದನಿಯನ್ನು ಕಂಪ್ಯೂಟರಿಗೆ ಹೋಗುವ ಮುಂಚೆಯೇ ಹೆಡ್‌ಫೋನಿಗೆ ತಿರುಗಿಸುತ್ತದೆ. ಅದಿದ್ದರೆ ರೆಕಾರ್ಡಿಂಗ್ ಮಾಡುವಾಗಲೂ ದೊಡ್ಡ ಬಫರ್ ಇಟ್ಟುಕೊಳ್ಳಬಹುದು. ಆದ್ದರಿಂದ ಮುಖ್ಯವಾಗಿ ಹಾಡನ್ನು, ಗಿಟಾರನ್ನು ರೆಕಾರ್ಡ್ ಮಾಡುವವರಿಗೆ ಇಂಟರ್‌ಫೇಸ್ ಸರಿಯಾದ ಖರ್ಚು; ಸಿಂಥ್ ಪ್ಲಗಿನ್‌ಗಳನ್ನೇ ಪೇರಿಸುವವರಿಗೆ ಅಲ್ಲ. ಡೈರೆಕ್ಟ್ ಮಾನಿಟರಿಂಗ್ ಮೈಕಿನ ದನಿಗೆ ಸಹಾಯ ಮಾಡುತ್ತದೆಯೇ ಹೊರತು ಕಂಪ್ಯೂಟರಿನ ಒಳಗೆ ಹುಟ್ಟುವ ಸಿಂಥ್ ಧ್ವನಿಗೆ ಮಾಡಲಾರದು.

ದೊಡ್ಡ ಸ್ಯಾಂಪಲ್ ಗ್ರಂಥಾಲಯಗಳಿಂದ ವಾದ್ಯವೃಂದ ಕಟ್ಟುವವರ ಕಥೆ ಬೇರೆ. ಅಂಥ ಸ್ಯಾಂಪ್ಲರ್‌ಗಳು ಪ್ರತಿ ಸ್ವರದ ಮೊದಲ ತುಣುಕನ್ನು ಮೆಮೊರಿಯಲ್ಲಿಟ್ಟುಕೊಂಡು ಉಳಿದುದನ್ನು ನುಡಿಸುವಾಗ ಡಿಸ್ಕಿನಿಂದ ಓದುತ್ತವೆ. ಸುತ್ತುವ ತಟ್ಟೆಯ ಹಾರ್ಡ್ ಡಿಸ್ಕ್ ಈ ಓದಿಗೆ ಹಿಂದೆ ಬಿದ್ದಾಗ ಸ್ವರಗಳು ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಸದ್ದು ಸಿಡಿಯುವುದಕ್ಕಿಂತ ಸ್ವರಗಳು ಮಾಯವಾಗುವುದು ಹೆಚ್ಚಾದರೆ ಎಸ್‌ಎಸ್‌ಡಿಗೆ ಹಣ ಹಾಕಬೇಕು, ಪ್ರೊಸೆಸರಿಗಲ್ಲ. ರ್‍ಯಾಮ್ ಹೆಚ್ಚಿಸುವುದರಿಂದ ಲಾಭವಾಗುವುದು ಈಗಿರುವುದು ತುಂಬಿಹೋಗುತ್ತಿದ್ದಾಗ ಮಾತ್ರ.

ಹೊಸ ಪ್ರೊಸೆಸರ್ ಕೊನೆಯ ಆಯ್ಕೆ, ಮತ್ತು ಅಲ್ಲಿಯೂ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗಕ್ಕೆ ಮೊದಲ ಮಣೆ. ಹಿಂದೆ ಹೇಳಿದ ಮಾಸ್ಟರ್ ಚಾನೆಲಿನ ಸರಪಳಿ ಒಂದು ಕೋರಿನ ವೇಗಕ್ಕಿಂತ ಬೇಗ ಓಡಲಾರದು. ಕೊಳ್ಳುವ ಮೊದಲು ತಂತ್ರಾಂಶದ ಒಳಗಿನ ಪರ್ಫಾರ್ಮೆನ್ಸ್ ಮೀಟರನ್ನು ತೆರೆದಿಟ್ಟು ಪ್ಲಗಿನ್‌ಗಳನ್ನು ಒಂದೊಂದಾಗಿ ಆರಿಸುತ್ತ ಬನ್ನಿ. ಅನೇಕ ಸಲ ತಪ್ಪಿತಸ್ಥ ಒಂದೇ ಒಂದು ಪ್ಲಗಿನ್ ಆಗಿರುತ್ತದೆ: ಎಂಟು ಪಟ್ಟು ಓವರ್‌ಸ್ಯಾಂಪ್ಲಿಂಗ್ (ಹೆಚ್ಚಿನ ಸ್ಯಾಂಪಲ್ ದರದಲ್ಲಿ ಲೆಕ್ಕ) ಹಾಕಿಟ್ಟ ಲಿಮಿಟರ್ (ಧ್ವನಿಯ ಮಟ್ಟ ಮಿತಿ ಮೀರದಂತೆ ತಡೆಯುವ ಪ್ಲಗಿನ್), ಅಥವಾ ಹಾಡು ನಿಂತ ಮೇಲೆ ಮೌನದ ಬಾಲದಲ್ಲಿ ಸೊನ್ನೆಗೆ ತೀರಾ ಹತ್ತಿರದ ಸಂಖ್ಯೆಗಳನ್ನು ಎಣಿಸುತ್ತ ಪ್ರೊಸೆಸರನ್ನು ಬೆವರಿಸುವ ಹಳೆಯ ರಿವರ್ಬ್ (ಅನುರಣನದ ಪ್ಲಗಿನ್). ಧ್ವನಿ ಇರುವಾಗ ಸುಮ್ಮನಿದ್ದು ಮೌನದಲ್ಲಿ ಮೀಟರ್ ಏರಿದರೆ ಈ ಎರಡನೆಯದೇ ಎಂದು ತಿಳಿಯಬಹುದು.

ವೇದಿಕೆಯ ಮೇಲೆ ಲ್ಯಾಪ್‌ಟಾಪಿನಿಂದ ನೇರವಾಗಿ ನುಡಿಸುವವರಿಗೆ ಮೇಲಿನ ಆಯ್ಕೆಗಳ ಕ್ರಮವೇ ಬೇರೆಯಾಗುತ್ತದೆ. ಅಲ್ಲಿ ಬಫರನ್ನು 512ರ ಮೇಲೆ ಏರಿಸುವಂತಿಲ್ಲ, ಸದ್ದು ಬಂದ ಮೇಲೆ ಕಾರಣ ಹುಡುಕುವಂತೆಯೂ ಇಲ್ಲ. ಆದ್ದರಿಂದ ಬದಲಾಗದ ಟ್ರ್ಯಾಕ್‌ಗಳನ್ನೆಲ್ಲ ಫ್ರೀಜ್ ಮಾಡುವುದೂ ಸಾಲದು, ಆಡಿಯೊ ಫೈಲುಗಳಾಗಿಯೇ ಬರೆದಿಟ್ಟು ಮೂಲ ಪ್ಲಗಿನ್‌ಗಳನ್ನು ಆ ಪ್ರಾಜೆಕ್ಟಿನಿಂದ ತೆಗೆದುಬಿಡಬೇಕು. ಕೈಯಲ್ಲಿ ನುಡಿಸುವ ಒಂದೆರಡು ವಾದ್ಯಗಳಷ್ಟೇ ಜೀವಂತವಾಗಿರಬೇಕು. ಲಿನಿಯರ್ ಫೇಸ್ ಈಕ್ವಲೈಸರ್, ಮುಂದಾಗಿ ನೋಡುವ ಲಿಮಿಟರ್ ಮುಂತಾದವು ಬಫರ್ ಎಷ್ಟೇ ಚಿಕ್ಕದಿದ್ದರೂ ತಮ್ಮದೇ ವಿಳಂಬವನ್ನು ಸೇರಿಸುವುದರಿಂದ ಅವಕ್ಕೆ ಅಲ್ಲಿ ಜಾಗವಿಲ್ಲ. ವೈ-ಫೈ ಆರಿಸಿ, ಚಾರ್ಜರ್ ಜೋಡಿಸಿ, ಕಾರ್ಯಕ್ರಮದಷ್ಟೇ ಹೊತ್ತು, ಕಾರ್ಯಕ್ರಮದ ಅದೇ ಬಫರಿನಲ್ಲಿ, ಇಡೀ ಪಟ್ಟಿಯನ್ನು ನಿಲ್ಲಿಸದೆ ಒಮ್ಮೆ ನುಡಿಸಿ ನೋಡಬೇಕು. ಮೀಟರ್ ಆ ಹೊತ್ತಿನಲ್ಲಿ ಒಮ್ಮೆಯಾದರೂ 70 ಶೇಕಡಾ ದಾಟಿದರೆ ನಾನಂತೂ ಇನ್ನೊಂದು ವಾದ್ಯವನ್ನು ಆಡಿಯೊ ಫೈಲಾಗಿ ಬರೆದಿಟ್ಟೇ ವೇದಿಕೆ ಹತ್ತುತ್ತೇನೆ.